ಕಡ್ಡಿಪೈಲ್ವಾನನಿಗೆ ಕೊಟ್ಟ ಮಾತು

ಅವನು ಮುದುಕನಾಗಿ ತಾನಾಗಿಯೇ ಆಟ ಬಿಡುವವರೆಗೆ ಅವನನ್ನು ಬೇರೆ ಯಾವ ತಂಡಕ್ಕೂ ಬಿಟ್ಟುಕೊಡುವುದಿಲ್ಲ ಎಂದು ಅವಳು ಎಷ್ಟೋ ವರ್ಷಗಳ ಹಿಂದೆ ಮಾತು ಕೊಟ್ಟಿದ್ದಳು. ಕೊಟ್ಟದ್ದು ಮನುಷ್ಯನಿಗಲ್ಲ, ಕಂಪ್ಯೂಟರಿನೊಳಗೆ ಬಾಸ್ಕೆಟ್‌ಬಾಲ್ ಆಡುವ ಒಂದು ಹೆಸರಿಗೆ.

ಆಗ ಮಗಳು ಪುಟ್ಟಿಗೆ ಏಳು ವರ್ಷ. ಸೊಂಟದ ಆಪರೇಷನ್ ಆಗಿ, ಅಲುಗಾಡದಂತೆ ಪ್ಲಾಸ್ಟರ್ ಹಾಕಿಸಿಕೊಂಡು ಮಕ್ಕಳ ವಾರ್ಡಿನಲ್ಲಿ ಮಲಗಿದ್ದಳು. ಅದೇ ಆಸ್ಪತ್ರೆಯ ನೆಲಮಹಡಿಯಲ್ಲಿ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಡೆ ತಾಯಿಗೆ ಕೆಲಸ. ಕೆಳಗೆ ಹಬೆ, ಮೇಲೆ ಮಗಳ ಅಳು. ನಡುವಿನ ಮೆಟ್ಟಿಲೇ ಅವಳ ಮನೆಯಾಗಿತ್ತು. ಕ್ಷೌರದಂಗಡಿ ನಡೆಸುವ ಅವಳ ತಮ್ಮ ಒಂದು ದಿನ ಹಳೇ ಲ್ಯಾಪ್‌ಟಾಪ್ ಹೊತ್ತು ತಂದು ಪುಟ್ಟಿಯ ಹಾಸಿಗೆಯ ಮೇಲಿಟ್ಟ.

ಅವನು ಸೇರಿಕೊಂಡಿದ್ದ ಲೀಗಿನಲ್ಲಿ ಯಾರೂ ಓಡುವುದಿಲ್ಲ, ಯಾರಿಗೂ ಬೆವರಿಲ್ಲ. ಎಲ್ಲೆಲ್ಲೋ ಇರುವ ಹತ್ತಾರು ಮಂದಿ ತಲೆಗೊಂದು ತಂಡ ಇಟ್ಟುಕೊಂಡಿರುತ್ತಾರೆ. ದಿನಕ್ಕೊಮ್ಮೆ ಕಂಪ್ಯೂಟರ್ ತಾನೇ ಪಂದ್ಯ ಆಡಿಸಿ, ಯಾರು ಗೆದ್ದರು ಎಂದು ಹೇಳುತ್ತದೆ. ಆಟಗಾರರಿಗೂ ನಮ್ಮ ಹಾಗೇ ವರ್ಷ ಕಳೆದಂತೆ ವಯಸ್ಸಾಗುತ್ತದೆ. ತಂಡದವರು ಬೇಕೆಂದರೆ ಅವರನ್ನು ಅದಲುಬದಲು ಮಾಡಿಕೊಳ್ಳಬಹುದು. ಹೊಸಬನನ್ನು ಹುಟ್ಟಿಸುವಾಗ ಮಾತ್ರ ಒಂದಿಷ್ಟು ಅಂಕ ಕೊಡುತ್ತಾರೆ. ಅದನ್ನು ಎತ್ತರ, ಓಟ, ಗುರಿ, ಪಾಸ್ ಎಂದು ಹಂಚಬೇಕು.

ಪುಟ್ಟಿ ಇದ್ದಬದ್ದ ಅಂಕವನ್ನೆಲ್ಲ ಪಾಸಿಗೇ ಸುರಿದಳು.

"ಅಯ್ಯೋ ಪೆದ್ದೀ, ಇವನು ಬುಟ್ಟಿಗೆ ಹಾಕೋದು ಯಾವಾಗ?" ಎಂದು ಮಾಮ ತಲೆ ಚಚ್ಚಿಕೊಂಡ.

"ಹಾಕೋದು ಬೇರೆಯವರು ಮಾಮ. ಇವನು ಎಲ್ಲರಿಗೂ ಕೊಡ್ತಾನೆ."

"ನೋಡು ಇವನ್ನ, ಗಾಳಿ ಬಂದ್ರೆ ಹಾರಿಹೋಗ್ತಾನೆ. ಕಡ್ಡಿಪೈಲ್ವಾನ!"

ಅದೇ ಹೆಸರಾಯಿತು. ಆಮೇಲೆ ಪುಟ್ಟಿ ತಾಯಿಯ ಸೆರಗು ಜಗ್ಗಿದಳು. "ಇವನನ್ನ ಯಾರಿಗೂ ಕೊಡಲ್ಲ ಅಂತ ಹೇಳಮ್ಮ."

"ಕೊಡಲ್ಲ ಕಣೇ."

"ನಂಗಲ್ಲ. ಅವನಿಗೆ ಹೇಳು."

ತಾಯಿ ಆ ಕಡೆ ಈ ಕಡೆ ನೋಡಿದಳು. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನಕ್ಕರೆ ನಗಲಿ ಎಂದು ಪರದೆಯತ್ತ ಬಾಗಿ, ಹೆಸರು ಹಿಡಿದು ಕರೆದು, ಮಾತು ಕೊಟ್ಟಳು.

ಲೀಗ್ ನಡೆಸುವವರು ಒಬ್ಬ ಹಲ್ಲಿನ ಡಾಕ್ಟರು. ಅವರಿಗೂ ಒಂದು ತಂಡ. ಆಗೆಲ್ಲ ಪಂದ್ಯ ರಾತ್ರಿ ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ಔಷಧಿ ಕುಡಿದ ಪುಟ್ಟಿಗೆ ನಿದ್ದೆ. ವಿಷಯ ತಮ್ಮನ ಬಾಯಿಂದ ಕೇಳಿದ್ದೇ ಡಾಕ್ಟರು ಪಂದ್ಯವನ್ನು ಸಂಜೆ ಆರಕ್ಕೆ ಎಳೆದರು. ಮುಖ ನೋಡದ ಮಗುವಿಗಾಗಿ ಬದಲಾದ ಹೊತ್ತು ಮತ್ತೆ ಬದಲಾಗಲೇ ಇಲ್ಲ. ನೋವು ಬಂದಾಗೆಲ್ಲ ಪುಟ್ಟಿ ಹಲ್ಲು ಕಚ್ಚಿ, "ಆರು ಗಂಟೆ ಆಯ್ತಾ?" ಎಂದು ಕೇಳುತ್ತಿದ್ದಳು.

ಈಗ ಪುಟ್ಟಿಗೆ ಹದಿನೈದು. ಕಡ್ಡಿಪೈಲ್ವಾನನಿಗೆ ಮೂವತ್ತು ದಾಟಿ, ಓಟ ಕುಗ್ಗಿದೆ. ತಮ್ಮ ಅವಳ ಹೆಸರಿನಲ್ಲಿ ಕಟ್ಟಿ, ಜೊತೆಗೂಡಿ ನಡೆಸುತ್ತಿದ್ದ ತಂಡದ ಹೆಸರು 'ಬಿಸಿ ಇಸ್ತ್ರಿ'. ಹೆಸರಷ್ಟೇ ಬಿಸಿ, ಪ್ರತಿ ವರ್ಷವೂ ತಳದಲ್ಲಿ ತಣ್ಣಗೆ ಕೂತಿರುತ್ತಿತ್ತು. ವರ್ಷದ ಪಂದ್ಯಗಳ ಹೊಸ ಋತುವಿಗೆ ಮುಂಚೆ ಪ್ರತಿಯೊಬ್ಬರೂ ತಮ್ಮ ತಂಡದ ಮುನ್ನೋಟ ಬರೆದು ಹಾಕಬೇಕು ಎನ್ನುವುದು ಲೀಗಿನ ಕಟ್ಟಳೆ. ದಣಿದು ಬಂದ ಅವಳು ಎರಡು ಸಾಲು ಗೀಚಿ ಮುಗಿಸುತ್ತಿದ್ದಳು: "ಈ ಸಲವೂ ಸೋಲುತ್ತೇವೆ. ಆದರೆ ಬೇರೆ ಥರ."

ಈ ಸಲ ಮಾತ್ರ ಹಾಗಿರಲಿಲ್ಲ. ತಂಡದಲ್ಲಿ ಸಾಕಿದ ಇಬ್ಬರು ಹುಡುಗರು ಬುಟ್ಟಿ ತಪ್ಪದ ಗುರಿಕಾರರಾಗಿ ಬೆಳೆದಿದ್ದರು. ಬುಟ್ಟಿಯ ಕೆಳಗೆ ನಿಲ್ಲಲು ಒಬ್ಬ ಎತ್ತರದವನು ಸಿಕ್ಕಿದ್ದರೆ ಕಪ್ಪಿಗೇ ಕೈಹಾಕಬಹುದಿತ್ತು.

ಋತು ಶುರುವಾಗುವ ಹಿಂದಿನ ದಿನ ಮಧ್ಯಾಹ್ನ, ಹೊದಿಕೆಗಳ ಕಟ್ಟಿನ ಮೇಲೆ ಕುಳಿತು ಮುನ್ನೋಟ ಬರೆಯಲೆಂದು ಫೋನ್ ತೆಗೆದಳು. ತಂಡ ನೋಡಿದರೆ ಕಡ್ಡಿಪೈಲ್ವಾನ ಇಲ್ಲ! ಅವನ ಜಾಗದಲ್ಲಿ ಡಾಕ್ಟರ ತಂಡದ 'ಏಣಿ' ನಿಂತಿದ್ದ, ಲೀಗಿನಲ್ಲೇ ಎಲ್ಲರಿಗಿಂತ ಎತ್ತರದವನು. ತಮ್ಮನಿಗೆ ಫೋನ್ ಹಚ್ಚಿದಳು.

"ನೋಡಿದ್ಯಾ ಅಕ್ಕಾ?" ಕತ್ತರಿಯ ಕಚಕಚದ ನಡುವೆ ಅವನ ಖುಷಿ ಉಕ್ಕುತ್ತಿತ್ತು. "ಡಾಕ್ಟರ ಹತ್ರ ಎತ್ತರದೋರು ಇಬ್ರಿದ್ರು, ಪಾಸ್ ಕೊಡೋನು ಇರಲಿಲ್ಲ. ಕಡ್ಡಿನ ಕೊಟ್ಟೆ, ಏಣಿ ಬಂತು. ಈ ಸಲ ಕಪ್ ನಮ್ದೇ!"

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತೇನೋ?"

"ಕೇಳಿದ್ರೆ ಬೇಡ ಅಂತಿದ್ದೆ. ಎಷ್ಟ್ ವರ್ಷ ಸೋತ್ಕೊಂಡೇ ಇರ್ತೀಯಕ್ಕಾ? ನೀನೊಂದ್ಸಲ ಗೆಲ್ಲೋದನ್ನ ನೋಡ್ಬೇಕು ನಾನು. ಪುಟ್ಟಿನೂ ಹೂಂ ಅಂದ್ಲು."

ಬೈಯಲೆಂದು ಬಾಯಿ ತೆರೆದವಳಿಗೆ ಬೈಗುಳ ಬರಲಿಲ್ಲ. ಇಷ್ಟೆಲ್ಲ ತನಗಾಗಿ ಯೋಚಿಸುವ ತಮ್ಮ ಯಾರಿಗಿದ್ದಾನೆ? "ದೇವರು ನಿನ್ನ ಚೆನ್ನಾಗಿಟ್ಟಿರಲಿ ಕಣೋ," ಎಂದಳು. "ಆದ್ರೆ ತಪ್ಪು ಮಾಡ್ದೆ."

ಅಷ್ಟರಲ್ಲಿ ಮನೆಯ ಕೀಲಿ ಇಸಿದುಕೊಳ್ಳಲು ಪುಟ್ಟಿ ಬಂದಳು. ಒಂದು ಹೆಜ್ಜೆ ಇನ್ನೊಂದಕ್ಕಿಂತ ತುಸು ಗಿಡ್ಡ. ಅದು ಬಿಟ್ಟರೆ ನಡಿಗೆಯೇನು, ಓಟವೇ. ತಾಯಿಯ ಮುಖ ನೋಡಿದ್ದೇ ಅವಳಿಗೆ ಅರ್ಥವಾಯಿತು.

"ಸಿಟ್ಟು ಮಾಡ್ಕೋಬೇಡಮ್ಮ. ನೀನು ಕೊಟ್ಟ ಮಾತು ನಾನು ವಾಪಸ್ ಕೊಟ್ಟಿದ್ದೀನಿ. ಆಯ್ತಲ್ಲ?"

"ಅದು ನಿನ್ನ ಹತ್ರ ಎಲ್ಲಿತ್ತೇ ವಾಪಸ್ ಕೊಡೋಕೆ? ನಂಗಲ್ಲ, ಅವನಿಗೆ ಹೇಳು ಅಂದೋಳು ಯಾರು?"

ಪುಟ್ಟಿ ಪಕಪಕನೆ ನಕ್ಕಳು. "ಅಮ್ಮಾ, ಅವನು ಇಲ್ವೇ ಇಲ್ಲ!"

"ಇಲ್ದೆ ಹೋಗಿದ್ರೆ ಸಂಜೆವರೆಗೂ ಅಳು ನುಂಗ್ಕೊಂಡು ಯಾರಿಗೇ ಕಾಯ್ತಿದ್ದೆ?"

ಪುಟ್ಟಿ ಹೊದಿಕೆಯ ಕಟ್ಟಿನ ಮೇಲೆ ತಾಯಿಯ ಪಕ್ಕ ಬಂದು ಕೂತಳು.

ಸಂಜೆ ಆರರೊಳಗೆ ಎರಡೂ ತಂಡದವರು ಒಪ್ಪಿದರೆ ಅದಲುಬದಲು ರದ್ದಾಗುತ್ತದೆ. ಅವಳು ಡಾಕ್ಟರಿಗೆ ಫೋನ್ ಮಾಡಿ, ತಾನು ಯಾರೆಂದು ಹೇಳಿದಳು. ಅಷ್ಟು ವರ್ಷಗಳಲ್ಲಿ ಅವರ ಜೊತೆ ನೇರ ಮಾತು ಅದೇ ಮೊದಲು.

"ಹೇಳ್ರೀ ಬಿಸಿ ಇಸ್ತ್ರಿಯವರೇ. ಬಾಯಿ ದೊಡ್ಡದಾಗಿ ತೆಗೀರಿ... ನಿಮಗಲ್ಲ, ಇಲ್ಲಿ ಕುರ್ಚಿಯಲ್ಲಿದ್ದಾರೆ."

ಅವಳು ವಿಷಯ ಹೇಳಿದಳು. ಆ ಕಡೆ ಹಲ್ಲು ಕೊರೆಯುವ ಯಂತ್ರ ನಿಂತಿತು.

"ಸುಳ್ಳು ಹೇಳಲ್ಲಮ್ಮ, ಬಿಟ್ಟುಕೊಡೋಕೆ ಮನಸ್ಸಿಲ್ಲ. ಆ ಕಡ್ಡಿ ಮೇಲೆ ಮೊದಲಿಂದ್ಲೂ ನನ್ನ ಕಣ್ಣು. ಏಣಿ ಇಲ್ದಿದ್ರೆ ನಿಮಗೆ ಕಪ್ಪೂ ಇಲ್ಲ, ಗೊತ್ತಲ್ಲ?"

"ಗೊತ್ತು ಸಾರ್."

"ಆ ಮಗು ಹೇಗಿದೆ?"

"ಪಕ್ಕದಲ್ಲೇ ಕೂತಿದೆ ಸಾರ್. ನನಗಿಂತ ಉದ್ದ ಬೆಳೆದಿದೆ. ನೀವು ಆಗ ಆರು ಗಂಟೆಗೆ ಆಟ ಇಟ್ಟಿರಲ್ಲ... ಅದಕ್ಕೊಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ ನಾನು."

"ಆಯ್ತು, ಕರ್ಕೊಂಡು ಹೋಗಿ ನಿಮ್ಮ ಪೈಲ್ವಾನನ್ನ. ಈ ಸಲ ಮುನ್ನೋಟ ಅಂತ ಎರಡೇ ಸಾಲು ಗೀಚಿ ಕೈತೊಳ್ಕೊಳ್ಳೋ ಹಾಗಿಲ್ಲ, ಹೇಳಿದ್ದೀನಿ."

ಯಂತ್ರ ಮತ್ತೆ ಗುಂಯ್‌ಗುಟ್ಟಿತು. ತಮ್ಮನಿಗೆ ತಿಳಿಸಿದಾಗ ಅವನು, "ಹೋಯ್ತು ಕಪ್ಪು, ನೀನೊಬ್ಳು ಅಕ್ಕಾ!" ಎಂದು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡ. ಆಮೇಲೆ ತಾನೇ ಫೋನ್ ಮಾಡಿ, "ಮುನ್ನೋಟದಲ್ಲಿ ನನ್ನ ಸುದ್ದಿ ಇರತ್ತೆ ತಾನೇ?" ಎಂದು ಕೇಳಿದ.

ಇತ್ತು. ಮುಂದಿನ ಗಾಡಿ ಬಟ್ಟೆ ಬರುವ ಮೊದಲು ಅವಳು ಬರೆದು ಮುಗಿಸಿದಳು:

"ನಮ್ಮಲ್ಲಿ ಗುರಿಕಾರರು ಇಬ್ಬರಿದ್ದಾರೆ, ಎತ್ತರದವರಿಲ್ಲ. ಬುಟ್ಟಿಯ ಕೆಳಗೆ ನಮ್ಮನ್ನು ಯಾರು ಬೇಕಾದರೂ ದಬ್ಬಬಹುದು. ಕಪ್ಪಿನ ಆಸೆ ಇಲ್ಲ. ನಡುವಿನ ಸ್ಥಾನ ಸಿಕ್ಕರೆ ಅದೇ ದೊಡ್ಡದು. ಕಡ್ಡಿಪೈಲ್ವಾನನಿಗೆ ಇದು ಬಹುಶಃ ಕೊನೆಯ ವರ್ಷ. ಅವನು ಈವರೆಗೆ ಬುಟ್ಟಿಗೆ ಹಾಕಿದ್ದು ಕಡಿಮೆ, ಇನ್ನೊಬ್ಬರ ಕೈಗೆ ಕೊಟ್ಟದ್ದೇ ಎಲ್ಲ. ಅದರಲ್ಲಿ ನಮ್ಮ ಮನೆಗೆ ಬಂದದ್ದೂ ಇದೆ. ನನ್ನನ್ನು ಕೇಳದೆ ನನ್ನನ್ನೇ ಗೆಲ್ಲಿಸಲು ಹೊರಟ ನನ್ನ ತಮ್ಮ ಕ್ಷೌರಿಕನಿಗೂ, ಮಗುವೊಂದರ ನಿದ್ದೆ ನೋಡಿ ಲೀಗಿನ ಗಡಿಯಾರ ತಿರುಗಿಸಿದ ಡಾಕ್ಟರಿಗೂ, ನಮ್ಮನ್ನು ಇಷ್ಟು ವರ್ಷ ಸೋಲಿಸಿ ಸಾಕಿದ ಎಲ್ಲ ತಂಡಗಳಿಗೂ ಬಿಸಿ ಇಸ್ತ್ರಿ ಋಣಿ."

ಓದಿದ ಪುಟ್ಟಿ, "ಸೋಲಿಸಿ ಸಾಕಿದ ಅಂತೆ!" ಎಂದು ನಕ್ಕು ಕಣ್ಣೊರೆಸಿಕೊಂಡಳು. ರದ್ದು ಮಾಡುವ ಗುಂಡಿಯನ್ನು ಅವಳೇ ಒತ್ತಿದಳು.

ಆರಕ್ಕೆ ಮುಂಚೆ ಏಣಿ ಹೋದ, ಕಡ್ಡಿಪೈಲ್ವಾನ ಬಂದ. ಆ ಋತುವೆಲ್ಲ ಬಿಸಿ ಇಸ್ತ್ರಿಗೇ ಆಡಿ, ಕೊನೆಯ ಪಂದ್ಯದ ಮಾರನೆ ದಿನ ಅವನು ಆಟ ಬಿಟ್ಟ. ಅವಳು ಕೊಟ್ಟ ಮಾತು ನಡೆಯಿತು.