ಸನ್ಮಾನಕ್ಕೆ ಹೋದ ಕುರ್ಚಿ

ಇಸ್ತ್ರಿ ಅಕ್ಕ ಹೊರದೇಶಕ್ಕೆ ಹೋಗಿ ಗುಂಡು ಎಸೆತದಲ್ಲಿ ಚಿನ್ನದ ಪದಕ ಗೆದ್ದ ಮೇಲೆಯೇ ಕ್ರೀಡಾ ಇಲಾಖೆಗೆ ತನ್ನ ಕಟ್ಟಡದ ಎದುರು ಒಂದು ಇಸ್ತ್ರಿ ಅಂಗಡಿ ಇದೆಯೆಂದು ಗೊತ್ತಾದದ್ದು. ಇಲಾಖೆಯ ಬಟ್ಟೆಗಳಿಗೆ ಅದು ಮೊದಲಿನಿಂದಲೂ ಗೊತ್ತಿತ್ತು. ನಿರ್ದೇಶಕರ ಕೋಟಿನಿಂದ ಹಿಡಿದು ಜವಾನನ ಅಂಗಿಯವರೆಗೆ ಎಲ್ಲವೂ ಅವಳ ಕೈಯಲ್ಲಿ ನೆಟ್ಟಗಾಗಿಯೇ ಮೂರನೇ ಮಹಡಿ ಹತ್ತುತ್ತಿದ್ದವು. ಹತ್ತದೆ ಉಳಿದವಳು ಅವಳೊಬ್ಬಳೇ.

ಚಿಕ್ಕಂದಿನ ಜ್ವರದಲ್ಲಿ ಅವಳ ಎರಡೂ ಕಾಲು ಸತ್ತವು, ಸೊಂಟಕ್ಕೂ ಹಿಡಿತ ಉಳಿಯಲಿಲ್ಲ. ಆ ಕಟ್ಟಡಕ್ಕೆ ಲಿಫ್ಟಿಲ್ಲ. ಸ್ಪರ್ಧೆಗೆ ಹೋಗಲು ಇಲಾಖೆಯ ಸಹಾಯ ಕೇಳೋಣವೆಂದು ಹೋಗಿದ್ದಾಗ ಜವಾನ ಮೆಟ್ಟಿಲ ಬುಡಕ್ಕೆ ಇಳಿದು ಬಂದಿದ್ದ.

"ಸಾಹೇಬ್ರು ಖುದ್ದಾಗಿ ನೋಡ್ಬೇಕಂತೆ. ಮೇಲೆ ಬನ್ನಿ."

"ಹತ್ತಕ್ಕಾಗಲ್ಲಪ್ಪ ನಂಗೆ."

"ಹಾಗಾದ್ರೆ ಏನೂ ಮಾಡಕ್ಕಾಗಲ್ಲ."

"ಹೇಗೋ ತೆವಳ್ಕೊಂಡು ಬರ್ತೀನಿ ಅಂದ್ರೆ?"

ಅವನು ಮೇಲೆ ಹೋಗಿ ಕೇಳಿಕೊಂಡು ಬಂದ. "ಮೂರು ಮಹಡಿ ಹತ್ತೋರನ್ನ ಅಂಗವಿಕಲರು ಅಂತ ಹೇಗಮ್ಮ ನಂಬೋದು, ಅಂತಾರೆ."

ಇಂಥ ಬುದ್ಧಿಯನ್ನು ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ ಇಟ್ಟದ್ದೇ ಒಳ್ಳೆಯದಾಯಿತು. ಕೊನೆಗೆ ಅವಳನ್ನು ಸ್ಪರ್ಧೆಗೆ ಕಳಿಸಿದ್ದು ಬೀದಿಯ ಜನ. ಇಸ್ತ್ರಿಗೆ ಬಟ್ಟೆ ಕೊಡುವ ಮನೆಯವರೆಲ್ಲ ಕೈಲಾದದ್ದು ಹಾಕಿದರು.

ಕೂತು ಗುಂಡು ಎಸೆಯುವವರು ತಮ್ಮ ಕುರ್ಚಿಯನ್ನು ತಾವೇ ಒಯ್ಯಬೇಕು. ಕುರ್ಚಿಯನ್ನು ನೆಲಕ್ಕೆ ಬಿಗಿದು, ತಮ್ಮನ್ನು ಕುರ್ಚಿಗೆ ಬಿಗಿದುಕೊಂಡು ಎಸೆಯಬೇಕು. ಅಕ್ಕನ ಕುರ್ಚಿ ಮಾಡಿದವನು ಅವಳ ಸೋದರಮಾವ, ಗೇಟು ಕಿಟಕಿ ಮಾಡುವ ವೆಲ್ಡರ್. ಕ್ಷೌರದಂಗಡಿಯವರು ಬಿಸಾಕಿದ ಕುರ್ಚಿಗೆ ಎತ್ತರದ ಕಬ್ಬಿಣದ ಕಾಲು ಬೆಸೆದು, ಸೊಂಟಕ್ಕೆ ಅಗಲವಾದ ಪಟ್ಟಿ ಹಾಕಿ, ಕೊಯ್ದು, ಉಜ್ಜಿ, ಮತ್ತೆ ಬೆಸೆದು, ವರ್ಷಗಟ್ಟಲೆ ಅವಳ ಮೈಗೆ ಹೊಂದಿಸಿದ್ದ. ಬೆಳಗ್ಗೆ ಮೈದಾನದಲ್ಲಿ ಅದರ ಮೇಲೆ ಕೂತು ಗುಂಡು ಎಸೆಯುತ್ತಿದ್ದಳು. ಬಿಸಿಲೇರಿದ ಮೇಲೆ ಮೇಜಿನ ಹಿಂದೆ ಅದರ ಮೇಲೆಯೇ ಕೂತು ಇಸ್ತ್ರಿ ಮಾಡುತ್ತಿದ್ದಳು. ಮೇಜಿನ ಹಿಂದೆ ಏನಿದೆಯೆಂದು ಇಲಾಖೆಯವರು ಯಾರೂ ಬಗ್ಗಿ ನೋಡಿರಲಿಲ್ಲ.

ಪದಕ ಬಂದ ವಾರ ಅವರು ಒಂದು ಸಮಾರಂಭ ಇಟ್ಟುಕೊಂಡರು. ಮಂತ್ರಿಗಳು ಬರುವವರಿದ್ದರು, ಸಭಾಂಗಣ ಮೂರನೇ ಮಹಡಿಯಲ್ಲಿತ್ತು. ಅಕ್ಕ ಹತ್ತಲಾರಳಲ್ಲ ಎಂದು ಯಾರಿಗೋ ಹೊಳೆದಾಗ ನಿರ್ದೇಶಕರು ಒಂದು ಕ್ಷಣವೂ ತಡವರಿಸಲಿಲ್ಲ. ಅವಳ ಕುರ್ಚಿಗೆ ಸನ್ಮಾನ ಮಾಡಿದರಾಯಿತು, ಆಮೇಲೆ ಅದು ಗಾಜಿನ ಕಪಾಟಿನಲ್ಲಿ ಕಾಯಂ ಆಗಿ ಇರಲಿ, ಎಂದರು. ಜವಾನ ಬಂದು, "ಒಂಚೂರು ತೋರ್ಸಿ ತಂದ್ಕೊಡ್ತೀವಿ ಅಕ್ಕ" ಎಂದು ಹೊತ್ತುಕೊಂಡು ಹೋದ. ಅದೇ ಸಂಜೆ ಕುರ್ಚಿಯ ಬೆನ್ನಿಗೆ 'ಇಲಾಖೆಯ ಕೊಡುಗೆ' ಎಂಬ ಹಿತ್ತಾಳೆಯ ಫಲಕ ಕೂತಿತು.

ಅಕ್ಕ ಮರುದಿನ ಸ್ಟೂಲಿನ ಮೇಲೆ ಕೂತು ಇಸ್ತ್ರಿ ಮಾಡಹೋಗಿ ಮುಂದಕ್ಕೆ ವಾಲಿ ಬಿದ್ದಳು. ಬಿದ್ದದ್ದಕ್ಕೆ ಅಳಲಿಲ್ಲ. ಮುಂದಿನ ಸ್ಪರ್ಧೆ ಹತ್ತಿರ ಬಂದಿತ್ತು, ಕುರ್ಚಿ ಇಲ್ಲದೆ ಅಭ್ಯಾಸ ನಿಂತಿತ್ತು, ಅದಕ್ಕೆ ಅತ್ತಳು.

"ಇನ್ನೊಂದು ಮಾಡ್ಕೊಡ್ತೀನಿ ಬಿಡೇ," ಎಂದ ಮಾವ.

"ಅದು ನನ್ನ ಮೈಗೆ ಹೊಂದೋ ಅಷ್ಟೊತ್ತಿಗೆ ನಂಗೆ ವಯಸ್ಸಾಗಿರತ್ತೆ ಮಾವ. ನಂಗೆ ಅದೇ ಬೇಕು."

ಸಮಾರಂಭದ ದಿನ ಬೆಳಗ್ಗೆ ಜವಾನ ಇಡೀ ಇಲಾಖೆಯ ಬಟ್ಟೆಯ ಗಂಟನ್ನು ತಂದು ಮೇಜಿನ ಮೇಲೆ ಹಾಕಿದ. ಮೇಲೆಯೇ ನಿರ್ದೇಶಕರ ಕೋಟು ಮುದ್ದೆಯಾಗಿ ಬಿದ್ದಿತ್ತು. ಅಕ್ಕ ಮೂರು ಗಾಲಿಯ ಗಾಡಿಯಲ್ಲಿ ಬಾಗಿಲಲ್ಲೇ ಕೂತಿದ್ದಳು.

"ಮೇಜು ಎಟುಕಲ್ಲಪ್ಪ. ಕೂತ್ಕೊಳ್ಳೋ ಕುರ್ಚಿ ನಿಮ್ಮ ಗಾಜಿನ ಕಪಾಟಲ್ಲಿದೆ."

ಜವಾನ ಗಂಟನ್ನು ಅಲ್ಲೇ ಬಿಟ್ಟು ಮೇಲೆ ಓಡಿದ. ಬೇರೆ ಇಸ್ತ್ರಿ ಅಂಗಡಿ ಹುಡುಕುವಷ್ಟು ಹೊತ್ತಿರಲಿಲ್ಲ. ವರ್ಷಗಳಿಂದ ಒಂದು ಕಡತವೂ ಇಷ್ಟು ಬೇಗ ಆ ಮೆಟ್ಟಿಲಿಳಿದಿರಲಿಲ್ಲ, ಕುರ್ಚಿ ಇಳಿಯಿತು. ಮಾವ ಅಕ್ಕನನ್ನು ಎತ್ತಿ ಕೂರಿಸಿದ. ಅವಳು ಪಟ್ಟಿ ಬಿಗಿದುಕೊಂಡು ಕೆಲಸಕ್ಕೆ ಕೈ ಹಚ್ಚಿದಳು. ಒಂದು ಬಟ್ಟೆಗೂ ಮೋಸ ಮಾಡಲಿಲ್ಲ. ಕೋಟಿನ ತೋಳಂತೂ ಕನ್ನಡಿಯ ಹಾಗೆ ಹೊಳೆಯಿತು.

ತಮ್ಮವರೊಂದಿಗೆ ಅಂಗಡಿಗೇ ಇಳಿದು ಬಂದಿದ್ದ ನಿರ್ದೇಶಕರು ಅದನ್ನು ತೊಟ್ಟು ಕೈ ಚಾಚಿದರು. "ಸರಿಯಮ್ಮ, ಇನ್ನು ಕುರ್ಚಿ ಕೊಡು. ಮಂತ್ರಿಗಳು ಬರೋ ಹೊತ್ತಾಯ್ತು."

"ತಗೊಂಡು ಹೋಗಿ ಸಾರ್."

"ಪಟ್ಟಿ ಬಿಚ್ಚಬೇಕಲ್ಲಮ್ಮ."

"ಬಿಚ್ಚಲ್ಲ ಸಾರ್. ಕುರ್ಚಿ ಬೇಕಂದ್ರೆ ನನ್ನ ಸಮೇತ ಎತ್ಕೊಂಡು ಹೋಗಿ. ಖುದ್ದಾಗಿ ನೋಡ್ಬೇಕು ಅಂದಿದ್ರಲ್ಲ."

ನಿರ್ದೇಶಕರು ಮಾವನ ಕಡೆ ನೋಡಿದರು. ಮಾವ ಕೈಕಟ್ಟಿ ನಿಂತಿದ್ದ. ದೂರದಲ್ಲಿ ಮಂತ್ರಿಗಳ ಕಾರಿನ ಸೈರನ್ ಕೇಳಿಸಿತು.

ಕುರ್ಚಿಯ ನಾಲ್ಕು ಕಾಲಿಗೆ ನಿರ್ದೇಶಕರು, ಉಪನಿರ್ದೇಶಕರು, ಗುಮಾಸ್ತರು, ಜವಾನ ಕೈ ಹಾಕಿದರು. ಮೊದಲ ಮಹಡಿಗೆ ಏದುಸಿರು ಬಿಟ್ಟರು, ಎರಡನೆಯದಕ್ಕೆ ದೇವರನ್ನು ನೆನೆದರು. "ಓರೆ ಮಾಡ್ಬೇಡಿ ಸಾರ್, ಗೋಡೆಗೆ ತಾಗತ್ತೆ!" ಎಂದು ಮಾವ ಹಿಂದಿನಿಂದ ಕೂಗುತ್ತಲೇ ಬಂದ. ಸಭಾಂಗಣ ಸೇರುವಷ್ಟರಲ್ಲಿ ಕೋಟಿನ ಬಗಲು ಹರಿದಿತ್ತು, ಅಂಗಿಗಳೆಲ್ಲ ಬೆವರಿಗೆ ಬೆನ್ನಿಗಂಟಿದ್ದವು. ಆ ವೇದಿಕೆಯ ಮೇಲೆ ಸುಕ್ಕಿಲ್ಲದ ಬಟ್ಟೆಯಲ್ಲಿ ಇದ್ದವಳು ಅಕ್ಕ ಒಬ್ಬಳೇ.

ಮಂತ್ರಿಗಳು ಹಾರ ಹಾಕಿ, ಹಿತ್ತಾಳೆಯ ಫಲಕ ಓದಿ, ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು. "ಇಲಾಖೆಯಿಂದ ನಿನಗೆ ಎಷ್ಟು ಸಹಾಯ ಆಯ್ತು, ಹೇಳಮ್ಮ."

"ಬೀದಿಯಿಂದ ಇಲ್ಲಿ ತನಕ ಆಯ್ತು ಸಾರ್," ಎಂದಳು ಅಕ್ಕ. "ಅದೂ ಇವತ್ತೇ ಮೊದಲು."

ಆಮೇಲೆ ಸೊಂಟದ ಪಟ್ಟಿಯನ್ನು ಇನ್ನೊಂದು ತೂತಿನಷ್ಟು ಬಿಗಿದುಕೊಂಡು ನಿರ್ದೇಶಕರ ಕಡೆ ತಿರುಗಿದಳು.

"ಬೇಗ ಮುಗಿಸಿ ಸಾರ್. ತಪ್ಪಿದ ಅಭ್ಯಾಸ ಸಾಯಂಕಾಲನಾದ್ರೂ ಮಾಡ್ಬೇಕು ನಂಗೆ, ನೀವಿನ್ನೂ ನನ್ನ ಕೆಳಗಿಳಿಸ್ಬೇಕು."