ನೀರು ಕುಡಿದ ಏರಿಯ ಮೇಲೆ ಲಾರಿ

ಬನವಾಸಿ ಬಗಲಿನ ಜಟ್ಟಪ್ಪನಿಗೆ ಅಂದು ಎಲ್ಲಿಲ್ಲದ ಅವಸರ. ಕೊಯ್ದ ಅನಾನಸು ರಾಶಿ ಬಿದ್ದಿತ್ತು. ಡಾಂಬರು ರಸ್ತೆ ಹಿಡಿದರೆ ದೊಡ್ಡ ಸುತ್ತು, ಕೆರೆ ಏರಿಯ ಮೇಲೆ ಹಾದರೆ ಲಾರಿ ಬೇಗ ಪೇಟೆ ಸೇರುತ್ತಿತ್ತು. ಆದರೆ ವಾರದ ಮಳೆಗೆ ಕೆರೆ ತುಂಬಿತ್ತು, ಏರಿಯ ಕೆಳಗೇ ಅವನ ತಂಗಿ ದುರ್ಗಿಯ ಮನೆ.

ಊರಿನ ರೂಢಿಯಂತೆ ಜಟ್ಟಪ್ಪ ಹಿಮ್ಮಡಿಯಿಂದ ಏರಿಯನ್ನು ಗುದ್ದಿ ನೋಡಿದ. ವರ್ಷ ವರ್ಷವೂ ಗರಸು ಮಣ್ಣು ಹಾಸಿದ ನೆಲ, ಗಟ್ಟಿಯಾಗೇ ಇತ್ತು.

"ಲಾರಿ ಬರ್ಲಿ!" ಎಂದ.

ನೆರೆಮನೆಯ ಮುರಿಗೆವ್ವ ಓಡಿ ಬಂದಳು. ಮಹಿಳಾ ಸಂಘದಿಂದ ಕೆರೆ ನೋಡಿಕೊಳ್ಳುವ ತರಬೇತಿಗೆ ಹೋಗಿ ಬಂದವಳು.

"ತಮ್ಮಾ, ಬ್ಯಾಡ. ಏರಿ ನೀರು ಕುಡದೈತಿ. ಭಾರದ ಗಾಡಿ ಅಲುಗಿಸಿದ್ರ ಕುಸೀತೈತಿ."

"ವರ್ಷಾ ಹಾಯ್ತೀವಲ್ಲ ಯಕ್ಕಾ, ಏನಾಗೈತಿ?"

"ಹಾಯ್ದಿದ್ದು ಬ್ಯಾಸಗ್ಯಾಗ. ಆಗ ಒಣಗಿತ್ತು."

ಜಟ್ಟಪ್ಪ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಪಾಪ, ಅವನ ಸಂಕಟವೂ ಸುಳ್ಳಲ್ಲ, ಕೊಯ್ದ ಹಣ್ಣು ಕಾಯುವುದಿಲ್ಲ.

ಮುರಿಗೆವ್ವ ಬೋಗುಣಿಗೆ ಮರಳು ತುಂಬಿ, ನೀರು ಸುರಿದು, ಮೇಲೊಂದು ಕಲ್ಲಿಟ್ಟಳು. ಕಲ್ಲು ನಿಂತಿತು. ಬೋಗುಣಿಯ ಬದಿಗೆ ಕೈಯಿಂದ ಪಟಪಟ ಬಡಿದಳು. ನೀರು ಮೇಲೆ ಬಂತು, ಕಲ್ಲು ಒಳಗೆ ಹೋಯಿತು!

"ಮರಳಿನ ಕಾಳು ಒಂದಕ್ಕೊಂದು ಒತ್ತಿ ಭಾರ ಹೊರ್ತಾವು. ಸಂದ್ಯಾಗ ನೀರು ತುಂಬಿದ್ದಾಗ ಅಲುಗಿಸಿದ್ರ, ಆ ನೀರಿಗೆ ಹೊರಗ ಹೋಗಾಕ ಪುರಸೊತ್ತಿಲ್ಲ. ಕಾಳು ಬಿಡಿಸಿ ತಾನ ಭಾರ ಹೊರಾಕ ನೋಡತೈತಿ. ನೀರಿನ ಮ್ಯಾಲ ಲಾರಿ ನಿಲ್ಲತೈತೇನು?"

"ಅದು ಮರಳು. ಏರಿ ಮಣ್ಣಿಂದು."

"ಮಣ್ಣಿನ ಸಂದ್ಯಾಗೂ ನೀರು ನಿಲ್ಲತೈತಪಾ. ಮ್ಯಾಲ ಬಸಪ್ಪ, ಒಳಗ ವಿಷಪ್ಪ. ಬಾ, ಬುಡ ನೋಡು."

ಕೆಳಗಿಳಿದರು. ದುರ್ಗಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಹಿತ್ತಲಲ್ಲಿ ನಿಂತಿದ್ದಳು.

"ಅಣ್ಣಾ, ನಿನ್ನೆತನಕ ಇಲ್ಲಿ ತಿಳಿನೀರು ಜಿನುಗತಿತ್ತು. ಮುಂಜಾನೆ ಏರಿ ಮ್ಯಾಲ ಟ್ರ್ಯಾಕ್ಟರ್ ಹಾದಾಗಿಂದ ಕೆಂಪು ನೀರು ಬರಾಕತ್ತೈತಿ. ನನಗ ಹೆದರಿಕಿ ಆಗತೈತಿ."

ಏರಿಯ ಮಣ್ಣೇ ನೀರಿನ ಜೊತೆ ಹೊರಟಿತ್ತು. ಜಟ್ಟಪ್ಪ ಬಗ್ಗಿ ಆ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದ.

"ಅಯ್ಯೋ ಶಿವನ! ನಾನ ನಿನ್ನ ಮನಿ ಮುಳುಗಸ್ತಿದ್ನಲ್ಲವ್ವಾ!" ಎಂದವನೇ ಕೂಸನ್ನು ಎತ್ತಿಕೊಂಡ. "ನಡಿ, ನಮ್ಮನಿಗೆ. ಏರಿ ದುರಸ್ತಿ ಆಗೂತನಕ ಅಲ್ಲೇ ಇರು."

ಲಾರಿ ಸುತ್ತು ದಾರಿ ಹಿಡಿಯಿತು. ಒಂದಿಷ್ಟು ಹಣ್ಣು ಹಾಳಾಯಿತು. ಮುರಿಗೆವ್ವ ಫೋನ್ ಮಾಡಿದ್ದಕ್ಕೆ ಪಂಚಾಯಿತಿಯವರು ಬಂದು, ತೂಬು ತೆಗೆದು ನೀರು ಇಳಿಸಿದರು.

ಅಣ್ಣಂದಿರೇ, ಅಕ್ಕಂದಿರೇ, ಮಳೆಗಾಲದಲ್ಲಿ ಏರಿ, ದಿಬ್ಬದಂಚಿನ ಧರೆ, ಮಣ್ಣು ತುಂಬಿ ಎತ್ತರಿಸಿದ ದಾರಿಯ ಮೇಲೆ ಭಾರದ ಗಾಡಿ, ರೋಲರ್ ಓಡಿಸಬೇಡಿ. ಮೇಲ್ಮೈ ಗಟ್ಟಿ ಇದೆಯೆಂದು ನಂಬಬೇಡಿ. ಬುಡದಲ್ಲಿ ಕೆಂಪು ನೀರೋ, ಹೊಸ ಬಿರುಕೋ ಕಂಡರೆ ಮೊದಲು ಕೆಳಗಿನ ಮನೆಯವರನ್ನು ಹೊರಡಿಸಿ. ಪಂಚಾಯಿತಿಗೆ ಆಮೇಲೆ ಫೋನ್ ಮಾಡಿ.