ಹನ್ನೊಂದು ಕಾಲುಬಿಲ್ಲೆ

2019ರ ಜುಲೈ 9, ಮಂಗಳವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಐದನೇ ತರಗತಿಯ ಟೀಚರ್ ಡಬ್ಬಿ ಬೋರಲು ಹಾಕಿ ಮರದ ಕಾಲುಬಿಲ್ಲೆಗಳನ್ನು ಸುರಿದರು. ಇದ್ದದ್ದು ಹನ್ನೊಂದು. ಶಾಲೆಯ ಬಡಗಿಯಾಗಿದ್ದ ಅವರ ಗಂಡನೇ ಮೂರು ದುಂಡು ಹಲಗೆಗಳನ್ನು ನಾಲ್ಕು ನಾಲ್ಕಾಗಿ ಕೊಯ್ದು, ಕೂರಿಸಲು ಒಂದು ಮಣೆಯಲ್ಲಿ ಮೂರು ದುಂಡು ಗುಳಿ ಕೊರೆದು ಕೊಟ್ಟಿದ್ದ. ಹನ್ನೆರಡನೆಯ ಬಿಲ್ಲೆ ಮಗಳ ಮುಷ್ಟಿಯಲ್ಲಿತ್ತು. ಜ್ವರದಲ್ಲೂ ಅವಳು ಅದನ್ನು ಬಿಟ್ಟಿರಲಿಲ್ಲ. ಮಣ್ಣು ಮಾಡುವಾಗ ಬಿಡಿಸಿಕೊಳ್ಳಲು ಅಪ್ಪ ಅಮ್ಮ ಇಬ್ಬರಿಗೂ ಕೈ ಬರಲಿಲ್ಲ.

ಅಂದಿನಿಂದ ವಿಷಮ ಭಿನ್ನರಾಶಿಯ ಪಾಠಕ್ಕೆ ಒಂದೇ ಲೆಕ್ಕ: ಹನ್ನೊಂದರ ಕೆಳಗೆ ನಾಲ್ಕು. ಉತ್ತರ ಎರಡೂಮುಕ್ಕಾಲು. ಮೂರನೆಯ ಗುಳಿಯಲ್ಲಿ ಉಳಿಯುವ ಖಾಲಿ ಮೂಲೆಯೇ ಟೀಚರ್ ಪಾಲಿಗೆ ಮಗಳ ಜಾಗ. ಗಂಡ ಹೊಸ ಸೆಟ್ ಮಾಡಿಟ್ಟು, "ಇದನ್ನ ಇನ್ನು ಬಿಡೇ" ಎಂದು ಗೋಗರೆದಿದ್ದ. ಹಳೆಯದು ಇದೊಂದು ಸಲ ಮಾತ್ರ ಎಂದು ಟೀಚರ್ ಒಪ್ಪಿದ್ದರು.

"ನಾಲ್ಕು ಸೇರಿದ್ರೆ ಒಂದು ಪೂರ್ತಿ. ಮಿಕ್ಕಿದ್ದನ್ನ ಅದರ ಪಕ್ಕ ಬರೀರಿ."

ಮುಂದಿನ ಬೆಂಚಿನ ವಾಚಾಳಿ ಎದ್ದು ಬಂದು ಜೋಡಿಸಿದಳು. "ಮಿಸ್, ಮಿಕ್ಕೇ ಇಲ್ಲ. ಮೂರು!"

"ತಲೆಹರಟೆ ಬೇಡ ಕಣೇ. ಸರಿಯಾಗಿ ಎಣಿಸು."

"ನಾನೇನು ಮಂತ್ರ ಹಾಕಿದ್ನಾ ಮಿಸ್? ನೀವೇ ನೋಡಿ!"

ಹಿಂದಿನ ಬೆಂಚು ಘೊಳ್ಳೆಂದು ನಕ್ಕಿತು. ಟೀಚರ್ ಮುಖ ಕಂಡು ನಗು ತಾನಾಗಿ ನಿಂತಿತು. ಮೂರನೆಯ ಗುಳಿ ತುಂಬಿತ್ತು. ಅದರಲ್ಲೊಂದು ಬಿಲ್ಲೆ ಕಪ್ಪಗೆ, ಒದ್ದೆಯಾಗಿತ್ತು; ಮುಟ್ಟಿದರೆ ಮಣ್ಣಿನ ತಂಪು.

ಬಿಡುವಿನಲ್ಲಿ ಗಂಡನನ್ನು ಕರೆಸಿದರು. "ನೀವೇ ತಾನೆ ಮಾಡಿ ಹಾಕಿದ್ದು?"

"ನಿನ್ನಾಣೆಗೂ ಇಲ್ಲ." ಅವನು ಬಗ್ಗಿ ನೋಡಿದ. ಪಕ್ಕದ ಬಿಲ್ಲೆಯ ಮರದ ಗೆರೆ ಎಲ್ಲೂ ತಪ್ಪದೆ ಇದರೊಳಕ್ಕೆ ಹರಿದಿತ್ತು. "ಈ ಗೆರೇನ ಬೇರೆ ಮರದಲ್ಲಿ ಎಲ್ಲಿಂದ ತರ್ಲಿ? ಇದು ಅದೇ ಕಣೇ. ನಮಗೆ ಕೈ ಬರ್ಲಿಲ್ಲ. ಅವಳೇ ಬಿಟ್ಟಿದಾಳೆ."

"ಹಾಗಾದ್ರೆ ಅವಳೆಲ್ಲಿರ್ತಾಳೆ?"

ಕೊಯ್ಯುವಾಗ ಗರಗಸ ತಿಂದಷ್ಟು ಮರ ಯಾವ ವೃತ್ತದಲ್ಲೂ ಕಡಿಮೆ ಇರಲೇಬೇಕು. ಬಿಲ್ಲೆಗಳ ನಡುವೆ ಮಗಳಿಗೆ ಅಷ್ಟಾದರೂ ಸಂದು ಉಳಿದಿರುತ್ತದೆ ಎಂದು ಟೀಚರ್ ಉಗುರು ತೂರಿಸಿ ನೋಡಿದರು. ಹೋಗಲಿಲ್ಲ. ನೀರು ಕುಡಿದ ಮರ ಉಬ್ಬುತ್ತದೆ, ಅಷ್ಟೇ, ಎಂದುಕೊಂಡು ಸ್ಕೇಲು ತೆಗೆದರು.

ಮೊದಲನೆಯ ಗುಳಿಯಲ್ಲಿ ಸಂದು ಎರಡು ಮಿಲಿಮೀಟರ್. ಎರಡನೆಯದರಲ್ಲೂ ಎರಡು. ಮೂರನೆಯದರಲ್ಲಿ, ಒಣ ಬಿಲ್ಲೆಗಳ ನಡುವೆಯೂ, ಸೊನ್ನೆ.